ಅಳೆದೇ ಊಟ ಹಾಕುತ್ತಿದ್ದೇನೆ, ಆದರೂ ಬೆಕ್ಕಿನ ತೂಕ ಏರುತ್ತಲೇ ಇದೆ

ಪ್ರಶ್ನೆ:
ನಮ್ಮ ಕರಿಯನಿಗೆ 3 ವರ್ಷ. ಗಂಡು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತಾನೆ. ಒಂದು ವರ್ಷದವನಿದ್ದಾಗ ಮೈಕಟ್ಟು ಚೆನ್ನಾಗಿತ್ತು, ತೂಕ 4.5 ಕೆಜಿ. ಈಗ 5.6. ಪ್ಯಾಕೆಟ್ ಮೇಲೆ ದಿನಕ್ಕೆ 60 ಗ್ರಾಂ ಡ್ರೈ ಫುಡ್ ಅಂತ ಇದೆ. ಕಾಫಿ ಲೋಟದಲ್ಲಿ ಅಳೆದು ಅಷ್ಟೇ ಹಾಕುತ್ತೇನೆ. ಕಡಿಮೆ ಮಾಡಿದರೆ ತಟ್ಟೆ ಮುಂದೆ ಕೂತು ಕೂಗುತ್ತಾನೆ, ನೋಡೋಕೆ ಸಂಕಟ ಆಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ:
ಪಕ್ಕೆ ಸವರಿ ನೋಡಿದಿರಾ? ಮೆಲ್ಲಗೆ ಒತ್ತಿದರೆ ಎಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಇನ್ನು ಲೋಟ ನಂಬಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರು ದಿನ ತೂಗಿ. ಮನೆಯಲ್ಲಿ ಬೇರೆ ಯಾರು ಏನು ಹಾಕುತ್ತಾರೆ, ಅದನ್ನೂ ಬರೆದಿಡಿ.

ಕೇಳಿದವರು:
ಎಲುಬು ಕೈಗೆ ಸಿಗುವುದೇ ಇಲ್ಲ. ತೂಗಿದರೆ ದಿನಕ್ಕೆ 72 ಗ್ರಾಂ ಆಗುತ್ತಿದೆ! ಲೋಟವನ್ನು ಗೋಪುರ ಬರುವ ಹಾಗೆ ತುಂಬುತ್ತಿದ್ದೆ. ಇನ್ನೊಂದು, ಅಮ್ಮ ಕಾಫಿಗೆ ಹಾಲು ಕಾಯಿಸುವಾಗ ಬೆಳಿಗ್ಗೆ ಸಂಜೆ ಅವನಿಗೂ ಒಂದಿಷ್ಟು ಹಾಕುತ್ತಾರಂತೆ. ಎರಡೂ ಸೇರಿ ಸುಮಾರು 100 ಎಂಎಲ್. ಪ್ಯಾಕೆಟ್ ಹಿಂದೆ 100 ಗ್ರಾಮಿಗೆ 380 ಕಿಲೋ ಕ್ಯಾಲೊರಿ ಅಂತ ಇದೆ.

ಉತ್ತರ:
ಹಾಗಾದರೆ ಲೆಕ್ಕ ಸಿಕ್ಕಿತು. ಇರಬೇಕಾದ ತೂಕ ಹಿಡಿಯಿರಿ, ಈಗಿನದ್ದಲ್ಲ. 4.5 ಅನ್ನು ಮೂರು ಸಲ ಗುಣಿಸಿ (4.5 × 4.5 × 4.5), ಬಂದದ್ದಕ್ಕೆ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ವರ್ಗಮೂಲ ಒತ್ತಿ. 3.09 ಬರುತ್ತದೆ. ಅದಕ್ಕೆ 70ರಿಂದ ಗುಣಿಸಿದರೆ 216. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದ ಕಿಲೋ ಕ್ಯಾಲೊರಿ ಇದು. ಆಪರೇಷನ್ ಆಗಿ ತೂಕ ಸರಿ ಇರುವ ಬೆಕ್ಕಿಗೆ ಇದರ 1.2 ಪಟ್ಟು ಕೊಡುತ್ತಾರೆ. ಕರಿಯ ಇಳಿಯಬೇಕಲ್ವಾ, ಅವನಿಗೆ 216ರಿಂದಲೇ ಶುರು ಮಾಡಿ.

ಈಗ ಅವನಿಗೆ ಸಿಗುತ್ತಿರುವುದು? 72 ಗ್ರಾಮಿನಿಂದ 274, ಟೋನ್ಡ್ ಹಾಲಾದರೆ ಅದರಿಂದ ಸುಮಾರು 60. ಒಟ್ಟು 330 ದಾಟಿತು. ನಮಗೆ ಎರಡು ಗುಟುಕು ಹಾಲು ಲೆಕ್ಕಕ್ಕಿಲ್ಲ. ಅವನಿಗೆ ದಿನಕ್ಕೆ ಬೇಕಾದ 216ರಲ್ಲಿ ಅದು ಕಾಲು ಪಾಲಿಗಿಂತ ಜಾಸ್ತಿ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದೂ ಇಲ್ಲ, ಭೇದಿಯಾಗುತ್ತದೆ. ಹಾಲು ನಿಲ್ಲಿಸಿ, ನೀರಿನ ಬಟ್ಟಲು ಮಾತ್ರ ಸದಾ ತುಂಬಿರಲಿ. ಡ್ರೈ ಫುಡ್ ಅನ್ನು ಒಂದು ವಾರದಲ್ಲಿ ನಿಧಾನಕ್ಕೆ 57 ಗ್ರಾಮಿಗೆ ತನ್ನಿ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಬೇಗ ಇಳಿಯಲಿ ಅಂತ ಉಪವಾಸ ಕೆಡವಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ. ಶುರು ಮಾಡುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ.

ಕೇಳಿದವರು:
ಅಮ್ಮನಿಗೆ ಏನೂ ಹಾಕಬೇಡಿ ಅಂದರೆ ಬೇಜಾರು. ಅವರ ಕೈಯಿಂದ ಏನಾದರೂ ಕೊಡಬಹುದಾ?

ಇನ್ನೊಬ್ಬರು:
ಖಂಡಿತ ಕೊಡಬಹುದು, ನಮ್ಮ ಮನೆಯಲ್ಲೂ ಹೀಗೇ ಮಾಡಿದೆವು. ಬೇಯಿಸಿದ ಕೋಳಿ ಎದೆಮಾಂಸ 12 ಗ್ರಾಂ, ಅಂದರೆ ಸುಮಾರು 20 ಕಿಲೋ ಕ್ಯಾಲೊರಿ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಸೋಕಲೂಬಾರದು, ಬೆಕ್ಕಿಗೆ ಅವು ವಿಷ. ಆ ದಿನ ಡ್ರೈ ಫುಡ್ 51 ಗ್ರಾಂ ಸಾಕು. ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಡಬ್ಬಿಗೆ ಹಾಕಿಡಿ. ಯಾರು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಲಿ.

ಕೇಳಿದವರು (ನಾಲ್ಕು ವಾರದ ನಂತರ):
ವೈದ್ಯರು ನೋಡಿ ಬೇರೆ ತೊಂದರೆ ಇಲ್ಲ ಅಂದರು. ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆದು ನೋಡಿದೆ. 5.4! ಡಬ್ಬಿ ಈಗ ಅಮ್ಮನ ಹತ್ತಿರವೇ ಇದೆ. ಆದರೆ ಬೆಳಗಿನ ಜಾವ 4ಕ್ಕೆ ಎದ್ದು ಕೂಗುತ್ತಾನೆ.

ಉತ್ತರ:
ತುಂಬಾ ಖುಷಿಯಾಯಿತು. ವಾರಕ್ಕೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಇಳಿದಿದೆ, ಇದೇ ಸರಿಯಾದ ವೇಗ. 57 ಗ್ರಾಮನ್ನೇ ನಾಲ್ಕು ಪಾಲು ಮಾಡಿ, ಕೊನೆಯದನ್ನು ನೀವು ಮಲಗುವ ಹೊತ್ತಿಗೆ ಹಾಕಿ. ಅದಕ್ಕೂ ಮೊದಲು ಹತ್ತು ನಿಮಿಷ ದಾರ ಎಳೆದು ಆಡಿಸಿ. 4ಕ್ಕೆ ಕೂಗಿದರೆ ಮಾತ್ರ ಎದ್ದು ಊಟ ಹಾಕಬೇಡಿ, ಅದನ್ನೇ ರೂಢಿ ಮಾಡಿಕೊಳ್ಳುತ್ತಾನೆ.