ಯೂರೋ ಒಂದೇ ಸಾಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮೊದಲು ಸ್ವಿಟ್ಜರ್‌ಲ್ಯಾಂಡ್, ಆಮೇಲೆ ಕ್ರೊಯೇಷಿಯಾ. ಒಟ್ಟು 12 ದಿನ, ಜೊತೆಗೆ ಅಮ್ಮ ಇರುತ್ತಾರೆ. ಬರೀ ಯೂರೋ ಹಿಡಿದುಕೊಂಡು ಹೋದರೆ ನಡೆಯುತ್ತಾ? ಕ್ರೊಯೇಷಿಯಾದ ಒಂದಿಷ್ಟು ಹಳೇ ಕುನಾ ನೋಟುಗಳೂ ಇವೆ.

ಅಲೆಮಾರಿ: ಹೆಸರು ಒಂದೇ ಅಂತ ನಂಬಿ ಕೆಟ್ಟವನು ನಾನು. ಸೆನೆಗಲ್‌ನಿಂದ ಕ್ಯಾಮರೂನ್‌ಗೆ ಹೋಗಿದ್ದೆ. ಎರಡೂ ಕಡೆ ಸಿಎಫ್‌ಎ ಫ್ರಾಂಕ್. ಒಂದು ಯೂರೋಗೆ ಎರಡೂ ಕಡೆ ಅದೇ 655.957. ಅದಕ್ಕೇ ಉಳಿದ 84,000 ಬದಲಾಯಿಸದೆ ಹೋದೆ. ಕ್ಯಾಮರೂನ್‌ನ ಡೌಆಲಾದಲ್ಲಿ ಟ್ಯಾಕ್ಸಿಯವನು ನೋಟು ತಿರುಗಿಸಿ ನೋಡಿ ವಾಪಸ್ ಕೊಟ್ಟ. ಪಶ್ಚಿಮ ಆಫ್ರಿಕಾದ ಎಂಟು ದೇಶಗಳ ನೋಟೇ ಬೇರೆ, ಮಧ್ಯ ಆಫ್ರಿಕಾದ ಆರು ದೇಶಗಳದ್ದೇ ಬೇರೆ. ರಾತ್ರಿ ಹತ್ತೂವರೆ. ಜೇಬು ತುಂಬ ದುಡ್ಡು, ಬಾಡಿಗೆ ಕೊಡೋಕೆ ಒಂದು ಕಾಸಿಲ್ಲ. ಮರುದಿನ ಒಬ್ಬ 10% ಮುರಿದುಕೊಂಡು ಬದಲಾಯಿಸಿಕೊಟ್ಟ. 8,400 ಹಾಗೇ ಹೋಯಿತು.

ದೂರದಾರಿ: ನಗದು ಯಾಕೆ ಬೇಕು? ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಒಂಬತ್ತು ದಿನ ಕಾರ್ಡಿನಲ್ಲೇ ಕಳೆದೆ. ತಪ್ಪು ಮಾಡಿದ್ದು ಒಂದೇ ಸಲ. 240 ಸ್ವಿಸ್ ಫ್ರಾಂಕ್ ಹೋಟೆಲ್ ಬಿಲ್. ಫ್ರಾಂಕಲ್ಲಿ ಕೊಡ್ತೀರಾ, ನಿಮ್ಮ ದೇಶದ ಕರೆನ್ಸಿಯಲ್ಲಾ ಅಂತ ಮಶೀನು ಕೇಳಿತು. ನಮ್ಮದನ್ನೇ ಒತ್ತಿದೆ. ಲೆಕ್ಕ ಹಾಕಿದರೆ ಸುಮಾರು 12 ಫ್ರಾಂಕ್ ಜಾಸ್ತಿ ಕಿತ್ತುಕೊಂಡಿತ್ತು. ಎರಡು ವರ್ಷ ಆಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅಲೆಮಾರಿ: ರಾತ್ರಿ ಹತ್ತೂವರೆಗೆ ಆ ಟ್ಯಾಕ್ಸಿಯಲ್ಲಿ ನಿಮ್ಮ ಕಾರ್ಡ್ ಉಜ್ಜಿ ತೋರಿಸಿ ನೋಡೋಣ.

ದೂರದಾರಿ: ಅವರು ಹೋಗ್ತಿರೋದು ಡೌಆಲಾಗಲ್ಲ. ಪ್ರಶ್ನೆ ಓದಿ ಬರೀರಿ.

ಚಿಲ್ಲರೆ: ಕುನಾ ನೋಟು ಎಸೆಯಬೇಡಿ! ಕ್ರೊಯೇಷಿಯಾ 2023ರ ಜನವರಿ 1ರಂದು ಯೂರೋಗೆ ಬಂತು. ನೋಟು ಬದಲಾಯಿಸೋಕೆ ಅಲ್ಲಿನ ಕೇಂದ್ರ ಬ್ಯಾಂಕಿನಲ್ಲಿ ಗಡುವೇ ಇಲ್ಲ. ದರ ಒಂದು ಯೂರೋಗೆ 7.5345 ಕುನಾ. ನನ್ನ 2,300 ಕುನಾಗೆ 305 ಯೂರೋ 26 ಸೆಂಟ್ ಸಿಕ್ಕಿತು. ಆದರೆ ನಾಣ್ಯಕ್ಕೆ 2025ರ ಕೊನೆವರೆಗೆ ಮಾತ್ರ ಅವಕಾಶ ಇತ್ತು. ನಾನು ಹೋಗಿದ್ದು ಆಮೇಲೆ. ಒಂದು ಚೀಲ ನಾಣ್ಯ ಹಾಗೇ ಉಳಿಯಿತು. ಐದು ಕುನಾ ನಾಣ್ಯದ ಮೇಲೆ ಕರಡಿ ಇದೆ. ನೋಡಿದಾಗಲೆಲ್ಲ ಸಂಕಟ.

ಹಸಿರುನೋಟು: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಡಾಲರ್ ಇಟ್ಟುಕೊಳ್ಳಿ. ಈಕ್ವೆಡಾರ್‌ನಲ್ಲಿ 2000ದಿಂದ, ಎಲ್ ಸಾಲ್ವಡಾರ್‌ನಲ್ಲಿ 2001ರಿಂದ ಅದೇ ನಡೆಯುತ್ತೆ. ನಾನು ಎರಡೂ ಕಡೆ ತಿರುಗಿದ್ದೇನೆ, ಒಂದು ಸೆಂಟೂ ಬದಲಾಯಿಸಿಲ್ಲ.

ಅಲೆಮಾರಿ: ಕಾಂಬೋಡಿಯಾದಲ್ಲೂ ಡಾಲರ್ ನಡೆಯುತ್ತೆ. ಆದರೆ ನನ್ನ 50ರ ನೋಟಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತು. ನಾಲ್ಕು ಕಡೆ ಬೆಳಕಿಗೆ ಹಿಡಿದು ನೋಡಿದರು, ನಾಲ್ಕೂ ಕಡೆ ಬೇಡ ಅಂದರು. ಅಷ್ಟೇ ಹರಿದಿದ್ದ ಅಲ್ಲಿನ ರಿಯೆಲ್ ನೋಟನ್ನು ಯಾರೂ ಎರಡನೇ ಸಲ ನೋಡದೆ ತಗೊಂಡರು.

ಹಸಿರುನೋಟು: ಅದು ಡಾಲರಿನ ತಪ್ಪಾ? ನೋಟು ಜೋಪಾನ ಮಾಡೋದು ನಿಮ್ಮ ಕೆಲಸ ಅಲ್ವಾ? ನಾನು ರಟ್ಟಿನ ಮಧ್ಯೆ ಇಟ್ಟು ಒಯ್ಯುತ್ತೇನೆ.

ಚಿಲ್ಲರೆ: ಈಕ್ವೆಡಾರ್‌ನಲ್ಲಿ 100ರ ನೋಟು ಕೊಟ್ಟು ನೋಡಿದ್ದೀರಾ? ಸಣ್ಣ ಅಂಗಡಿಯಲ್ಲಿ ಮುಟ್ಟೋದೇ ಇಲ್ಲ.

ಹಸಿರುನೋಟು: ನಾನು ಒಯ್ದಿದ್ದು ಬರೀ 10, 20ರ ನೋಟು. ಬೇಕಾದರೆ ಪಟ್ಟಿ ಹಾಕ್ತೇನೆ.

ಪ್ರಶ್ನೆ ಕೇಳಿದವರು: ಹಾಗಾದರೆ ಸ್ವಿಸ್ ಫ್ರಾಂಕ್ ಎಷ್ಟು ಇಟ್ಟುಕೊಳ್ಳಲಿ?