ಹಣ್ಣಿನ ಹುಳಿ ಬಿಯರ್ ರುಚಿ ನೋಡಲು ಹೊರಟಿದ್ದೇನೆ, ಅನುಭವ ಇದ್ದವರು ಹೇಳಿ

ಬೀವರ್ಟನ್, ಆರೆಗಾನ್‌ನಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಮನೆ ಹತ್ತಿರದ ಬಾಟಲ್ ಶಾಪಿನಲ್ಲಿ ಬರುವ ಶನಿವಾರ ಮಧ್ಯಾಹ್ನ ಹಣ್ಣು ಹಾಕಿದ ಸಾವರ್ ಬಿಯರ್‌ಗಳ ರುಚಿ ತೋರಿಸುತ್ತಾರಂತೆ. ಎಂಟು ಬಗೆ, ಒಂದೊಂದೂ ಎರಡು ಔನ್ಸ್. ಆಫೀಸಿನ ಗೆಳೆಯ ನನ್ನನ್ನು ಒಂದು ಮಾತೂ ಕೇಳದೆ ನನಗೂ ಟಿಕೆಟ್ ತೆಗೆದುಬಿಟ್ಟಿದ್ದಾನೆ.

ನನಗೆ ಗೊತ್ತಿರುವ ಬಿಯರ್ ಕಿಂಗ್‌ಫಿಷರ್ ಒಂದೇ. ಅದೂ ಹಲ್ಲು ಜುಂ ಅನ್ನುವಷ್ಟು ತಣ್ಣಗಿರಬೇಕು, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಇರಬೇಕು. ಬಿಯರ್ ಹುಳಿ ಬಂದರೆ ಕೆಟ್ಟಿತು ಅಂತ ಅಲ್ವಾ? ಅದಕ್ಕೆ ದುಡ್ಡು ಕೊಟ್ಟು ಯಾಕೆ ಕುಡಿಯುತ್ತಾರೆ? ಹಿಡಿಸದಿದ್ದರೆ ಚೆಲ್ಲಬಹುದಾ, ಅಂಗಡಿಯವರು ಬೇಜಾರು ಮಾಡಿಕೊಳ್ಳುತ್ತಾರಾ? ನನಗೆ ಆಗಾಗ ಎದೆ ಉರಿ ಬೇರೆ. ಹೆಂಡತಿ ಕುಡಿಯುವುದಿಲ್ಲ, ಸುಮ್ನೆ ನೋಡಲು ಬರುತ್ತಾಳಂತೆ. ಹೋಗಿ ಬಂದವರು ಸ್ವಲ್ಪ ಹೇಳಿ.

ಹಿಲ್ಸ್‌ಬರೋದಿಂದ, ಮೂಲ ತೀರ್ಥಹಳ್ಳಿ:

ನಿಮ್ಮ ಪಕ್ಕದ ಊರಿನವಳೇ. ಆರೇಳು ವರ್ಷದಿಂದ ಇಂಥದ್ದಕ್ಕೆ ಹೋಗುತ್ತಿದ್ದೇನೆ. ಮೊದಲ ಸಲ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ. ಕೊಟ್ಟಿದ್ದನ್ನೆಲ್ಲ ಕೊನೆ ಹನಿವರೆಗೂ ಕುಡಿದಿದ್ದೆ. ತಟ್ಟೆಯಲ್ಲಿ ಅಗುಳು ಬಿಟ್ಟರೆ ಬೈಸಿಕೊಂಡು ಬೆಳೆದವಳು, ಚೆಲ್ಲಲು ಕೈ ಬರಬೇಕಲ್ಲ. ಎರಡು ಔನ್ಸ್ ಅಂದರೆ 60 ಎಂ.ಎಲ್., ನಮ್ಮ ಬಾರಿನ ಲೆಕ್ಕದಲ್ಲಿ ಒಂದು ಲಾರ್ಜ್. ಗ್ಲಾಸಿನ ತಳದಲ್ಲಿ ಇಷ್ಟೇ ಇಷ್ಟು ಕಾಣುತ್ತದೆ. ಎಂಟು ಸೇರಿದರೆ ಹದಿನಾರು ಔನ್ಸ್, ಅಂದರೆ ಪೂರ್ತಿ ಒಂದು ದೊಡ್ಡ ಕ್ಯಾನ್. ಹಣ್ಣಿನ ಸಾವರ್‌ಗಳಲ್ಲಿ 4 ಪರ್ಸೆಂಟಿನವೂ ಇವೆ, 7 ಪರ್ಸೆಂಟಿನವೂ ಇವೆ. ಜ್ಯೂಸ್ ತರಹ ಇಳಿಯುವುದರಿಂದ ಏರಿದ್ದು ಗೊತ್ತೇ ಆಗುವುದಿಲ್ಲ. ಹೆಂಡತಿ ಬರುತ್ತಾರಲ್ಲ, ಕಾರಿನ ಕೀ ಅವರ ಹತ್ತಿರವೇ ಇರಲಿ. ಇಲ್ಲದಿದ್ದರೆ ಮ್ಯಾಕ್ಸ್ ರೈಲು ಇದ್ದೇ ಇದೆ.

ಇನ್ನು ಕೆಟ್ಟ ಬಿಯರ್ ಅನ್ನುವ ಮಾತು. ದೋಸೆ ಹಿಟ್ಟು ಹುಳಿ ಬಂದರೆ ಕೆಟ್ಟಿತು ಅನ್ನುತ್ತೀರಾ? ಇಲ್ಲಿನ ಚಳಿಗೆ ಹಿಟ್ಟಿನ ಪಾತ್ರೆಯನ್ನು ಓವನ್ನಿನಲ್ಲಿಟ್ಟು ಲೈಟ್ ಹಾಕಿಡುತ್ತೇವಲ್ಲ, ಬ್ರೂವರಿಯವರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಪಾತ್ರೆ ದೊಡ್ಡದು, ಅಷ್ಟೇ. ಬಾರ್ಲಿ, ಗೋಧಿ ಮಾಲ್ಟಿನಿಂದ ತೆಗೆದ ಸಿಹಿ ನೀರಿಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಹುಳಿ ಬರಿಸುವ ಬ್ಯಾಕ್ಟೀರಿಯಾ ಹಾಕಿ ಬೆಚ್ಚಗೆ, 40 ಡಿಗ್ರಿ ಆಸುಪಾಸಿನಲ್ಲಿ, ಒಂದೆರಡು ದಿನ ಬಿಡುತ್ತಾರೆ. ಬೇಕಾದಷ್ಟು ಹುಳಿ ಬಂದ ಮೇಲೆ ಕುದಿಸಿ ಬ್ಯಾಕ್ಟೀರಿಯಾ ಸಾಯಿಸುತ್ತಾರೆ. ಆಮೇಲೆ ಯೀಸ್ಟ್. ಹಣ್ಣಿನ ತಿರುಳು ಸಾಮಾನ್ಯವಾಗಿ ಕೊನೆಗೆ ಬೀಳುತ್ತದೆ. ಇದಕ್ಕೆ ಕೆಟಲ್ ಸಾವರ್ ಅನ್ನುತ್ತಾರೆ. ನಿಮ್ಮ ಎಂಟರಲ್ಲಿ ಹೆಚ್ಚಿನವು ಇದೇ ಜಾತಿಯವು ಇರುತ್ತವೆ. ಹುಳಿ ಬರಿಸುವುದೂ ಒಂದು ಕೈಕೆಲಸ, ಹಿಟ್ಟು ರುಬ್ಬುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಏನು ರುಚಿ ಹೇಳುವುದು ಅನ್ನುವ ಹೆದರಿಕೆ ಬಿಡಿ. ಇಲ್ಲಿಯವರು ಟಾರ್ಟ್, ಫಂಕಿ ಅಂತ ಎರಡು ಮೂರು ಮಾತಿನಲ್ಲೇ ಸುತ್ತುತ್ತಾರೆ. ನಮಗೆ ಮಜ್ಜಿಗೆ ಹುಳಿ ಬೇರೆ, ಹುಣಸೆ ಹುಳಿ ಬೇರೆ, ಮಾವಿನ ಮಿಡಿ ಬೇರೆ, ಅಂಬಟೆಕಾಯಿ ಬೇರೆ, ವಾಟೆಹುಳಿ ಬೇರೆ. ನಾನು ಸಣ್ಣ ಪುಸ್ತಕ ಇಟ್ಟುಕೊಂಡು ಕನ್ನಡದಲ್ಲೇ ಗೀಚುತ್ತೇನೆ. ಮ್ಯಾರಿಯನ್‌ಬೆರ್ರಿ ಸಾವರ್ ಬಗ್ಗೆ ಬರೆದದ್ದು ಹೀಗಿದೆ: "ಬಣ್ಣ ಮುರುಗಲ ಹಣ್ಣಿನ ಪಾನಕದ್ದೇ. ಮೂಗಿಗೆ ಜಾಮ್. ತುದಿನಾಲಿಗೆಗೆ ಚೂರು ಸಿಹಿ, ಕೆನ್ನೆಯೊಳಗೆ ಮೂರನೇ ದಿನದ ಮಜ್ಜಿಗೆ. ನುಂಗಿದ ಮೇಲೆ ಬೀಜ ಕಚ್ಚಿದ ಹಾಗೆ ಒಗರು." ಹಾಗೆ ನೋಡಿದರೆ ಇದು ನಮ್ಮ ಆರೆಗಾನ್‌ದೇ ಹಣ್ಣು. ಕೊರ್ವಾಲಿಸ್‌ನಲ್ಲಿ ತಳಿ ಮಾಡಿ 1956ರಲ್ಲಿ ಬಿಟ್ಟದ್ದು, ಮ್ಯಾರಿಯನ್ ಕೌಂಟಿಯ ಹೆಸರು. ಸಿಕ್ಕರೆ ತಪ್ಪಿಸಬೇಡಿ.

ಸರದಿ ಬಗ್ಗೆ ಒಂದು ಮಾತು. ತೆಳುವಾದದ್ದು ಮೊದಲು, ವನಿಲಾ ಹಾಕಿದ ದಪ್ಪ ಸಿಹಿ ಬಿಯರ್ ಕೊನೆಗೆ. ಸ್ಮೂದಿ ಸಾವರ್ ಅಂತ ಬರುತ್ತದೆ, ಗ್ಲಾಸ್ ಓರೆ ಮಾಡಿದರೆ ಗೋಡೆಗೆ ಸೀಕರಣೆ ಥರ ಅಂಟುತ್ತದೆ. ಅದನ್ನು ಮೊದಲೇ ಕುಡಿದರೆ ಮಿಕ್ಕಿದ್ದೆಲ್ಲ ನೀರು ನೀರು ಅನ್ನಿಸುತ್ತದೆ. ನಡುವೆ ನೀರು, ಉಪ್ಪಿಲ್ಲದ ಬಿಸ್ಕತ್ತು. ಚಿಪ್ಸ್ ಬೇಡ.

ಎದೆ ಉರಿ ಇದ್ದರೆ ನಿಜವಾಗಲೂ ಹುಷಾರು. ಮಾಮೂಲಿ ಬಿಯರಿನ ಪಿಎಚ್ 4.2, 4.5 ಇದ್ದರೆ ಇವು 3.3ರ ಸುತ್ತ ಇರುತ್ತವೆ. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು. ಅನ್ನ ಮೊಸರು ತಿಂದು ಹೊರಡಿ. ಎರಡು ಗುಟುಕು ಕುಡಿದು ಮಿಕ್ಕಿದ್ದನ್ನು ಚೆಲ್ಲಿ. ಮೇಜಿನ ಮೇಲೆ ಅದಕ್ಕೇ ಅಂತ ಬಕೆಟ್ ಇಡುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮನೆಗೆ ಬಂದ ತಕ್ಷಣ ಹಲ್ಲುಜ್ಜಬೇಡಿ. ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಬಾಯಿ ಮುಕ್ಕಳಿಸಿ ಒಂದು ಗಂಟೆ ಬಿಡಿ. ಐಡಿ ಮರೆಯಬೇಡಿ, ತಲೆ ನೆರೆತವರನ್ನೂ ಕೇಳುತ್ತಾರೆ.

ಡಲ್ಲಾಸ್‌ನಿಂದ:

ಮೇಡಂ ಎಲ್ಲ ಹೇಳಿದ್ದಾರೆ. ನಾನು ಕೊಂಡು ತರುವ ವಿಷಯ ಹೇಳುತ್ತೇನೆ.

ಹೋದ ವರ್ಷ ಜುಲೈನಲ್ಲಿ ಇಂಥದ್ದೇ ಒಂದು ಕಡೆ ಮಾವಿನ ಸ್ಮೂದಿ ಸಾವರ್ ಹಿಡಿಸಿತು. ನಾಲ್ಕು ಕ್ಯಾನ್ ತಂದೆ. ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ, ಅಮ್ಮ ಊರಿಂದ ಬಂದಿದ್ದರು, ಅವರ ಡಬ್ಬಿಗಳೇ ತುಂಬಿದ್ದವು. ಗ್ಯಾರೇಜಿನಲ್ಲಿಟ್ಟೆ. ನಮ್ಮ ಟೆಕ್ಸಸ್ ಗ್ಯಾರೇಜು ಜುಲೈನಲ್ಲಿ ಹೆಂಚಿನ ಹಾಗೆ ಕಾಯುತ್ತದೆ. ಮೂರನೇ ರಾತ್ರಿ ಢಂ ಅಂತು. ಅಮ್ಮ ಸಿಲಿಂಡರ್ ಸಿಡಿಯಿತು ಅಂದುಕೊಂಡು ಹೊರಗೆ ಓಡಿದರು. ಹೋಗಿ ನೋಡಿದರೆ ಕ್ಯಾನು ಬಾಯಿ ಬಿಟ್ಟಿದೆ, ಕಾರಿನ ಬಾಗಿಲ ಮೇಲೆ ಮಾವಿನ ರಸ ಹರಿಯುತ್ತಿದೆ. ಒಂದು ವಾರ ಇರುವೆ ಸಾಲು. ಅದರಲ್ಲಿ ಏನಿತ್ತು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಮಾವಿನ ಜ್ಯೂಸ್ ಅಂತಲೇ ನಂಬಿದ್ದಾರೆ, ಪೂರ್ತಿ ಸುಳ್ಳೂ ಅಲ್ಲ.

ಆಗುವುದು ಇಷ್ಟೇ. ತಿರುಳಿನಲ್ಲಿ ಸಕ್ಕರೆ ಇದೆ. ಬಿಯರಿನಲ್ಲಿ ಯೀಸ್ಟ್ ಜೀವಂತ ಉಳಿದಿದ್ದರೆ, ಬಿಸಿ ಸಿಕ್ಕ ಕೂಡಲೇ ಆ ಸಕ್ಕರೆ ತಿನ್ನಲು ಶುರು ಮಾಡುತ್ತದೆ. ಗ್ಯಾಸು ಹೋಗಲು ದಾರಿ ಇಲ್ಲ. ಕ್ಯಾನಿನ ಮೇಲೆ ತಣ್ಣಗಿಡಿ ಅಂತ ಬರೆದಿದ್ದರೆ ಅದು ರುಚಿಗೆ ಹೇಳಿದ್ದಲ್ಲ, ನಿಮ್ಮ ಗೋಡೆಗೆ ಹೇಳಿದ್ದು. ಅಂಗಡಿಯಲ್ಲಿ ಫ್ರಿಜ್ಜಿನ ಹೊರಗೆ ಇಟ್ಟಿದ್ದರೆ ಮುಟ್ಟಬೇಡಿ. ಕ್ಯಾನಿನ ತಳದಲ್ಲಿರುವ ತಾರೀಖು ನೋಡಿ. ತಲೆ ಉಬ್ಬಿದ್ದರೆ ಬಿಟ್ಟುಬಿಡಿ.

ಡೆನ್ವರ್‌ನಿಂದ, ಮೈಸೂರಿನವನು:

ಎಲ್ಲರೂ ಹೊಗಳುವಾಗ ಒಬ್ಬನಾದರೂ ಬೇರೆ ಹೇಳಬೇಕಲ್ಲ. ಮೂರು ಸಲ ಹೋದೆ, ಮೂರು ಸಲವೂ ರಾಮನವಮಿ ಪಾನಕವನ್ನು ಮರುದಿನ ಕುಡಿದ ಹಾಗೇ ಇತ್ತು. ಕ್ಯಾನಿನ ಮೇಲಿನ ಚಿತ್ರಗಳು ಚೆನ್ನಾಗಿರುತ್ತವೆ. ನಿಮಗೂ ಹಾಗೇ ಅನ್ನಿಸಿದರೆ ನಾಚಿಕೆ ಬೇಡ, ಒಂದು ಮಾಮೂಲಿ ಲಾಗರ್ ಬಿಯರ್ ತೆಗೆದುಕೊಂಡು ಮೂಲೆಯಲ್ಲಿ ಕೂತು ಹರಟೆ ಹೊಡೆಯಿರಿ.

ಲ್ಯೂವೆನ್, ಬೆಲ್ಜಿಯಂನಿಂದ, ಹುಬ್ಬಳ್ಳಿಯವನು:

ಡೆನ್ವರ್ ಅಣ್ಣ, ನೀವು ಒಮ್ಮೆ ಈ ಕಡೆ ಬರ್ರಿ. ಕೆಟಲ್ ಸಾವರ್ ಕುಡಿದು ಹುಳಿ ಬಿಯರ್ ಇಷ್ಟೇ ಅನ್ನುವುದು ಪ್ಯಾಕೆಟ್ ಹಿಟ್ಟಿನ ದೋಸೆ ತಿಂದು ದೋಸೆ ಇಷ್ಟೇ ಅಂದ ಹಾಗೆ.

ಬ್ರಸೆಲ್ಸ್‌ನ ಆಂಡರ್‌ಲೆಕ್ಟ್‌ನಲ್ಲಿ ಕಾಂತಿಯೋಂ ಅಂತ ಬ್ರೂವರಿ ಇದೆ, 1900ರದ್ದು. ದಕ್ಷಿಣ ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹೊರಗಿಂದ ನೋಡಿದರೆ ಹಳೇ ಗೋಡೌನ್. ಒಳಗೆ ಅದೇ ಮ್ಯೂಸಿಯಂ ಕೂಡ. ಅಲ್ಲಿ ಲ್ಯಾಂಬಿಕ್ ಅನ್ನುವ ಈ ಕಡೆಯ ಹುಳಿ ಬಿಯರ್ ಮಾಡುವಾಗ ಯೀಸ್ಟ್ ಹಾಕುವುದೇ ಇಲ್ಲ. ಮಾಳಿಗೆಯಲ್ಲಿ ತಾಮ್ರದ ಅಗಲವಾದ ತಟ್ಟೆ ಇದೆ, ಆಳ ಕಡಿಮೆ. ಚಳಿಗಾಲದಲ್ಲಿ ಕುದಿಸಿದ ಮಾಲ್ಟಿನ ಸಿಹಿ ನೀರನ್ನು ಅದರಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿ ಏನು ಬರುತ್ತದೋ ಅದೇ ಯೀಸ್ಟು. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ. ಜೇಡರ ಬಲೆ ತೆಗೆಯುವುದಿಲ್ಲ, ಹಣ್ಣಿನ ನೊಣ ಹಿಡಿಯಲು ಜೇಡ ಬೇಕಂತೆ. ನಮ್ಮ ಅವ್ವ ನೋಡಿದ್ದರೆ ಕಸಬರಿಗೆ ಹಿಡಿದೇ ಒಳಗೆ ಹೋಗುತ್ತಿದ್ದಳು.

ಹುಳಿ ಚೆರ್ರಿ ಹಾಕಿದ್ದಕ್ಕೆ ಕ್ರೀಕ್, ರಾಸ್ಪ್‌ಬೆರ್ರಿ ಹಾಕಿದ್ದಕ್ಕೆ ಫ್ರಾಂಬ್ವಾಜ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿದ್ದು ಗೂಜ್, ಅದರಲ್ಲಿ ಹಣ್ಣಿಲ್ಲ. ನಾನು ಮೊದಲು ಕುಡಿದದ್ದು ಗೂಜ್. ಮೂಗಿನ ಹತ್ತಿರ ತಂದರೆ ದನದ ಕೊಟ್ಟಿಗೆ, ಹಸಿ ಚರ್ಮ. ಅದು ಬ್ರೆಟಾನೊಮೈಸಿಸ್ ಅನ್ನುವ ಯೀಸ್ಟಿನ ಕೆಲಸ. ಒಂದು ಗುಟುಕಿಗೆ ಮುಖ ಕಿವಿಚಿತು. ಪಕ್ಕದಲ್ಲಿದ್ದ ಅಜ್ಜ ನಕ್ಕು ಮೂರು ಬೆರಳು ತೋರಿಸಿದ, ಮೂರನೇ ಗುಟುಕಿಗೆ ಕಾಯಿ ಅಂತ. ಮೂರನೆಯದಕ್ಕೆ ನಾಲಿಗೆ ಸುಮ್ಮನಾಯಿತು. ಕೊಟ್ಟಿಗೆಯ ಹಿಂದೆ ಹಸಿ ಸೇಬಿನ ವಾಸನೆ ಬಂತು.

ಹೀಗಾಗಿ ಬೀವರ್ಟನ್ ಸರ್, ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ. ನಿಮ್ಮ ಆರೆಗಾನ್ ಕರಾವಳಿಯಲ್ಲೇ, ಟಿಲಮೂಕ್‌ನಲ್ಲಿ, ಡಿ ಗಾರ್ಡ್ ಅಂತ ಗಾಳಿ ಯೀಸ್ಟಿನಲ್ಲೇ ಬಿಯರ್ ಮಾಡುವವರು ಇದ್ದಾರೆ. ಶನಿವಾರದ ಪಟ್ಟಿಯಲ್ಲಿ ಅವರದ್ದಿದ್ದರೆ ನಾಲ್ಕನೆಯದೋ ಐದನೆಯದೋ ಮಾಡಿಕೊಳ್ಳಿ, ಮೊದಲನೆಯದು ಬೇಡ.

ಸ್ಯಾನ್ ಹೋಸೆಯಿಂದ:

ಸಣ್ಣ ವಿಷಯ, ಆದರೆ ನನ್ನ ಸಂಜೆ ಹಾಳು ಮಾಡಿದ್ದು. ದಪ್ಪ ಸಾವರ್‌ಗಳಲ್ಲಿ ಎಷ್ಟೋ ಸಲ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಹಾಕುತ್ತಾರೆ. ಬಿಯರ್ ಯೀಸ್ಟಿಗೆ ಅದನ್ನು ತಿನ್ನಲು ಬರುವುದಿಲ್ಲ, ಹಾಗಾಗಿ ಸಿಹಿಯೂ ದಪ್ಪವೂ ಹಾಗೇ ಉಳಿಯುತ್ತವೆ. ನನಗೆ ಹಾಲು ಆಗುವುದಿಲ್ಲ. ಬಿಯರಿನಲ್ಲಿ ಹಾಲಿನ ಅಂಶ ಇರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ? ಹೊಟ್ಟೆ ಗುಡುಗುಡು ಶುರುವಾದ ಮೇಲೆ ಕ್ಯಾನ್ ತಿರುಗಿಸಿ ಓದಿದೆ. ಸುರಿಯುವವರನ್ನು ಮೊದಲೇ ಕೇಳಿ, ಹೇಳುತ್ತಾರೆ.

ಬೀವರ್ಟನ್‌ನಿಂದ, ಭಾನುವಾರ:

ಹೋಗಿ ಬಂದೆ. ಎಲ್ಲರಿಗೂ ಥ್ಯಾಂಕ್ಸ್, ವರದಿ ಒಪ್ಪಿಸುತ್ತೇನೆ.

ಮೊಸರನ್ನ ತಿಂದು ಹೊರಟೆ. ಅಂಗಡಿ ಸಣ್ಣದು, ಮೂವತ್ತು ಜನ ಇದ್ದಿರಬಹುದು. ನಮ್ಮೂರಲ್ಲಿ ವೈನ್ ಶಾಪಿನ ಕಿಂಡಿಗೆ ಕೈ ತೂರಿಸಿ, ಯಾರಾದರೂ ನೋಡಿದರಾ ಅಂತ ತಿರುಗಿ ನೋಡಿ ಬರುತ್ತಿದ್ದವನು ನಾನು. ಇಲ್ಲಿ ಹೆಂಡತಿ ಪಕ್ಕದಲ್ಲಿ ನಿಂತು, ಅಂಗಡಿಯವನು ನಗುನಗುತ್ತಾ ಸುರಿದು, ಹೇಗಿದೆ ಅಂತ ಕೇಳುತ್ತಾನೆ. ಅದಕ್ಕೇ ಹತ್ತು ನಿಮಿಷ ಬೇಕಾಯಿತು ನನಗೆ.

ಮೊದಲನೆಯದು ರಾಸ್ಪ್‌ಬೆರ್ರಿ. ಮುಖ ಕಿವಿಚಿತು. ಹುಬ್ಬಳ್ಳಿ ಸರ್ ಮಾತು ನೆನಪಾಗಿ ಮೂರು ಗುಟುಕು ಕಾದೆ. ಸರಿಹೋಯಿತು, ಆದರೆ ಪ್ರೀತಿ ಏನೂ ಹುಟ್ಟಲಿಲ್ಲ. ಎರಡನೆಯದು ಪೀಚ್, ಅರ್ಧ ಚೆಲ್ಲಿದೆ. ಬಕೆಟ್ಟಿಗೆ ಸುರಿಯುವಾಗ ಕೈ ನಡುಗಿತು ಮೇಡಂ, ನಿಜ.

ಮೂರನೆಯದು ಸೀಬೆಹಣ್ಣಿನ ಗೋಸೆ. ಗೋಸೆ ಅಂದರೆ ಜರ್ಮನಿಯ ಗೋಸ್ಲಾರ್ ಊರಿನಿಂದ ಬಂದ ಹೆಸರಂತೆ, ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ ಅಂತ ಅಂಗಡಿಯವನು ವಿವರಿಸುತ್ತಿದ್ದ. ನಾನು ಅಷ್ಟರಲ್ಲಿ ಕುಡಿದಾಗಿತ್ತು. ಸ್ಕೂಲ್ ಗೇಟಿನ ಮುಂದೆ ಅಜ್ಜಿ ಸೀಬೆಕಾಯಿ ಸೀಳಿ ಉಪ್ಪು ಖಾರ ತುಂಬಿ ಕೊಡುತ್ತಿದ್ದಳಲ್ಲ, ಅದೇ. ಖಾರ ಒಂದು ಇಲ್ಲ. ನಾನು ಇದಕ್ಕೆ ಮೆಣಸಿನಪುಡಿ ಬೇಕು ಅಂದೆ. ಅವನು ತಮಾಷೆ ಅಂದುಕೊಳ್ಳಲಿಲ್ಲ, ಕೌಂಟರಿನ ಕೆಳಗಿನಿಂದ ಮೆಕ್ಸಿಕನ್ನರು ಹಣ್ಣಿಗೆ ಉದುರಿಸುವ ನಿಂಬೆ ಖಾರದ ಪುಡಿ ತೆಗೆದು ಗ್ಲಾಸಿನ ಅಂಚಿಗೆ ಹಚ್ಚಿಕೊಟ್ಟ. ಆಮೇಲೆ ನಾಲ್ಕೈದು ಜನ ಅದನ್ನೇ ಕೇಳಿದರು. ಹೆಂಡತಿ ಗ್ಲಾಸ್ ಮೂಸಿ, "ಇದನ್ನ ಕುಡಿಯೋಕೆ ಟಿಕೆಟ್ ಬೇಕಾ, ಮನೇಲಿ ನಾನೇ ಮಾಡ್ತಿದ್ದೆ" ಅಂದಳು.

ಐದಕ್ಕೆ ನಿಲ್ಲಿಸಿದೆ. ಸ್ಮೂದಿ ಮುಟ್ಟಲಿಲ್ಲ. ಎದೆ ಉರಿ ರಾತ್ರಿ ಸ್ವಲ್ಪ ಬಂತು, ಸುಳ್ಳು ಯಾಕೆ ಹೇಳಲಿ. ಮ್ಯಾರಿಯನ್‌ಬೆರ್ರಿ ಪಟ್ಟಿಯಲ್ಲೇ ಇರಲಿಲ್ಲ.

ಸೀಬೆಯದ್ದು ಎರಡು ಕ್ಯಾನ್ ತಂದಿದ್ದೇನೆ. ಡಲ್ಲಾಸ್ ಸರ್, ಗ್ಯಾರೇಜಿಗೆ ಹಾಕಿಲ್ಲ, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇವೆ. ಹಿಟ್ಟು ಮೊದಲು ಉಕ್ಕುತ್ತದೋ ಕ್ಯಾನು ಮೊದಲು ಸಿಡಿಯುತ್ತದೋ ನೋಡೋಣ ಅನ್ನುತ್ತಿದ್ದಾಳೆ ಹೆಂಡತಿ.