ಮರಗೆಲಸದ ಕಲಾವಿದರ ಮನೆಯಲ್ಲಿ ಉಳಿಸಬೇಕಾದುದು ಯಾವುದು? ಎಷರಿಕ್ ಮತ್ತು ನಕಾಶಿಮಾ ಮನೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ — ಹೊನ್ನೆಮರ

ಫಿಲಡೆಲ್ಫಿಯಾದ ಸಮೀಪ ನೆಲೆಸಿರುವುದರಿಂದ, ಮರಗೆಲಸದಲ್ಲಿ ದೊಡ್ಡ ಹೆಸರು ಮಾಡಿದ ಇಬ್ಬರು ಕಲಾವಿದರ ಮನೆಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಮೊದಲನೆಯದು ಪೆನ್ಸಿಲ್ವೇನಿಯಾದ ಗುಡ್ಡವೊಂದರ ಮೇಲಿರುವ ವಾರ್ಟನ್ ಎಷರಿಕ್ ಅವರ ಮನೆ ಹಾಗೂ ಕಾರ್ಯಾಗಾರ. 1926ರಲ್ಲಿ ಕಟ್ಟಲು ತೊಡಗಿ, 1966ರಲ್ಲಿ ಸೈಲೊ (ಧಾನ್ಯ, ಮೇವು ತುಂಬಿಡುವ ಎತ್ತರದ ದುಂಡು ಕಣಜ) ಆಕಾರದ ಗೋಪುರವನ್ನು ಸೇರಿಸುವವರೆಗೂ ಅವರು ಅದನ್ನು ತಿದ್ದುತ್ತಲೇ, ಬೆಳೆಸುತ್ತಲೇ ಇದ್ದರು. ಕೋಟು ತೂಗುಹಾಕುವ ಗೂಟಗಳನ್ನು ಕೂಡ ಅವರು ಸುಮ್ಮನೆ ಬಿಟ್ಟಿಲ್ಲ. ಮನೆ ಕಟ್ಟಿದ ಕೆಲಸಗಾರರ ಮುಖಗಳನ್ನೇ ಅವುಗಳಲ್ಲಿ ಕೆತ್ತಿದ್ದಾರೆ. ಅವರು 1970ರಲ್ಲಿ ತೀರಿಕೊಂಡ ಮೇಲೆ ಮಗಳು ಮತ್ತು ಅಳಿಯ ಮುಂದಾಗಿ ನಿಂತು 1972ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಈಗ ಮುಂಗಡ ಕಾಯ್ದಿರಿಸಿದವರನ್ನು ಮಾರ್ಗದರ್ಶಕರೊಬ್ಬರು ಒಳಗೆ ಕರೆದುಕೊಂಡು ಹೋಗುತ್ತಾರೆ.

ಎರಡನೆಯದು ನ್ಯೂ ಹೋಪ್ ಊರಿನಲ್ಲಿರುವ ಜಾರ್ಜ್ ನಕಾಶಿಮಾ ಅವರದು. ಅಲ್ಲಿ 1990ರಲ್ಲಿ ಕಲಾವಿದರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಮಗಳು ಮೀರಾ ಅವರ ನೇತೃತ್ವದಲ್ಲಿ ಕಾರ್ಯಾಗಾರ ಮುಂದುವರಿಯಿತು.

ಮೊದಲನೆಯ ಮನೆಯಲ್ಲಿ ವಸ್ತುಗಳು ಇದ್ದ ಹಾಗೆಯೇ ಇವೆ, ಎರಡನೆಯದರಲ್ಲಿ ಕಸುಬು ಸಾಗುತ್ತಿದೆ. ಇಂತಹ ಮನೆಗಳನ್ನು ಉಳಿಸುವಾಗ ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕು? ಜನರನ್ನು ಎಷ್ಟರ ಮಟ್ಟಿಗೆ ಒಳಗೆ ಬಿಡಬೇಕು? ಕಟ್ಟಡ ಸಂರಕ್ಷಣೆಯನ್ನೋ ಮರಗೆಲಸವನ್ನೋ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ — ಸಹ್ಯಾದ್ರಿ

ಹಳೆಯ ಕಟ್ಟಡಗಳ ಸಂರಕ್ಷಣೆಯೇ ನನ್ನ ಉದ್ಯೋಗ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದುದು, ವಸ್ತುಗಳು ತಾವು ಹುಟ್ಟಿದ ಜಾಗದಲ್ಲೇ ಒಟ್ಟಾಗಿ ಉಳಿಯುತ್ತವೆಯೇ ಎಂಬುದನ್ನು. ಎಷರಿಕ್ ಅವರ ಮನೆಯಲ್ಲಿ ಗೋಡೆ, ಬಾಗಿಲು, ಮೇಜು, ಮೆಟ್ಟಿಲು ಎಲ್ಲವೂ ಒಂದೇ ಕೃತಿಯ ಅಂಗಗಳು. ಒಂದನ್ನು ಕಿತ್ತು ಬೇರೆಡೆ ಇಟ್ಟರೆ ಅದು ಒಳ್ಳೆಯ ಪೀಠೋಪಕರಣವಾಗಿ ಉಳಿಯಬಹುದು, ಆದರೆ ಅದರ ಅರ್ಥ ಅರ್ಧವಾಗುತ್ತದೆ. ಇದಕ್ಕೆ ಉದಾಹರಣೆ ಅವರ ಕೆಲಸದಲ್ಲೇ ಇದೆ. 1930ರ ದಶಕದಲ್ಲಿ ಅವರು ಕರ್ಟಿಸ್ ಬೋಕ್ ಎಂಬ ನ್ಯಾಯಾಧೀಶರ ಮನೆಯ ಒಳಾಂಗಣವನ್ನು ರೂಪಿಸಿಕೊಟ್ಟಿದ್ದರು. ಆ ಮನೆಯನ್ನು 1989ರಲ್ಲಿ ಕೆಡವಲಾಯಿತು. ಅದರ ಅಗ್ಗಿಷ್ಟಿಕೆಯ ಸುತ್ತಲಿನ ಮರಗೆಲಸವನ್ನೂ ಬಾಗಿಲನ್ನೂ ಫಿಲಡೆಲ್ಫಿಯಾ ಕಲಾ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು, ಆದರೆ ಅಲ್ಲಿ ನಿಂತವರಿಗೆ ಆ ಬಾಗಿಲು ಯಾವ ಕೋಣೆಗೆ ತೆರೆದುಕೊಳ್ಳುತ್ತಿತ್ತು ಎಂಬುದು ಅನುಭವಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಷರಿಕ್ ಮನೆಗೆ 1993ರಲ್ಲಿ, ನಕಾಶಿಮಾ ಅವರದಕ್ಕೆ 2014ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆ ದೊರೆಯಿತು. ಇದು ಅಮೆರಿಕದಲ್ಲಿ ಅತ್ಯುನ್ನತ ಮನ್ನಣೆಯೇ ಹೌದು. ಆದರೂ ಖಾಸಗಿ ಮಾಲೀಕರು ತಮ್ಮ ಸ್ವಂತ ಹಣದಲ್ಲಿ ಕಟ್ಟಡವನ್ನು ಬದಲಿಸಲು ಹೊರಟರೆ ಈ ಮನ್ನಣೆಯೊಂದೇ ಅವರನ್ನು ತಡೆಯಲಾರದು. ಆದ್ದರಿಂದ ಫಲಕ ಬಂದಿತೆಂದು ನಿಶ್ಚಿಂತರಾಗುವ ಬದಲು, ಕುಟುಂಬದವರು ಬದುಕಿರುವಾಗಲೇ ಒಂದು ಸಂಸ್ಥೆಯನ್ನು ಕಟ್ಟಿ, ಮನೆ, ವಸ್ತು ಮತ್ತು ಕಾಗದಪತ್ರಗಳನ್ನು ಒಟ್ಟಿಗೇ ಅದರ ಸುಪರ್ದಿಗೆ ಒಪ್ಪಿಸುವುದು ಅಗತ್ಯ.

ಉತ್ತರ — ಉಳಿಕೊಡತಿ

ನಾನು ಮರಗೆಲಸ ಮಾಡುವವನು, ಆದ್ದರಿಂದ ಮರದ ಕಡೆಯಿಂದ ಹೇಳುತ್ತೇನೆ. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿ ಮುಚ್ಚಿದ ಕೋಣೆಯಲ್ಲಿ ಗಾಳಿ ಒಣಗುತ್ತದೆ, ಮಳೆಗಾಲದ ಸೆಕೆಯಲ್ಲಿ ತೇವ ಏರುತ್ತದೆ. ಈ ಏರುಪೇರು ಹೆಚ್ಚಾದಷ್ಟೂ ಕೀಲುಗಳು ಸಡಿಲಾಗುತ್ತವೆ, ಅಗಲ ಹಲಗೆಗಳು ಬಿರುಕು ಬಿಡುತ್ತವೆ. ಒಂದು ಗುಂಪು ಒಳಗೆ ಬಂದರೂ ಉಸಿರಿನಿಂದ, ಒದ್ದೆ ಕೋಟುಗಳಿಂದ ತೇವ ಹೆಚ್ಚುತ್ತದೆ. ಸಣ್ಣ ಸಣ್ಣ ಗುಂಪುಗಳನ್ನು ಮಾತ್ರ ಬಿಡುವುದು ಶಿಷ್ಟಾಚಾರಕ್ಕಾಗಿ ಅಲ್ಲ, ಮರದ ಆರೋಗ್ಯಕ್ಕಾಗಿ. ಕಿಟಕಿಯ ಬಿಸಿಲೂ ಅಷ್ಟೇ ಕೆಟ್ಟದ್ದು: ವಾಲ್‌ನಟ್ ಮರ ಬಿಸಿಲಿಗೆ ಬಣ್ಣ ಕಳೆದುಕೊಂಡು ಮಾಸುತ್ತದೆ, ಅದನ್ನು ಹಿಂದಿನ ಸ್ಥಿತಿಗೆ ತರಬೇಕೆಂದರೆ ಮೇಲ್ಮೈಯನ್ನು ಕೀಸಬೇಕು, ಕೀಸಿದರೆ ಕಲಾವಿದರ ಉಳಿಯ ಗುರುತೂ ಹೋಗುತ್ತದೆ.

ಎಷರಿಕ್ ಅವರ ಮನೆಯಲ್ಲಿ 1930ರಲ್ಲಿ ಮಾಡಿದ ಕೆಂಪು ಓಕ್ ಮರದ ಸುರುಳಿ ಮೆಟ್ಟಿಲಿದೆ. ನಡುವೆ ತಿರುಚಿಕೊಂಡು ಏರುವ ಒಂದು ದಿಮ್ಮಿ, ಅದರಿಂದ ಕೊಂಬೆಯಂತೆ ಹೊರಚಾಚಿದ ಹಂತಗಳು. ಇದನ್ನು ಬಿಚ್ಚಿ ನ್ಯೂಯಾರ್ಕಿನ ವಿಶ್ವಮೇಳಕ್ಕೆ ಕೊಂಡೊಯ್ದು ಮತ್ತೆ ತಂದು ಜೋಡಿಸಿದ್ದರು. ಹಾಗೆ ಬಿಚ್ಚಿ ಜೋಡಿಸಲು ಬರುವಂತೆ ಅವರು ಮಾಡಿದ್ದನ್ನು ಅರ್ಥಮಾಡಿಕೊಂಡ ಕುಶಲಿಯೊಬ್ಬರು ಹತ್ತಿರದಲ್ಲಿ ಇರಬೇಕು. ಇಲ್ಲವಾದರೆ ಮುಂದೆ ಒಂದು ಕೀಲು ಸವೆದಾಗ ಯಾರೋ ಬಂದು ಅಂಟು ಸುರಿದು ಮುಚ್ಚಿಬಿಡುತ್ತಾರೆ. ಈ ಕಾರಣಕ್ಕೇ ನನ್ನ ಒಲವು ನಕಾಶಿಮಾ ಅವರ ಕ್ರಮದ ಕಡೆಗಿದೆ. ಅವರು ಹಲಗೆಯ ಬಿರುಕನ್ನು ಮರೆಮಾಚದೆ, ಚಿಟ್ಟೆಯಾಕಾರದ ಮರದ ಕೀಲು ಹೊಡೆದು, ಬಿರುಕನ್ನೇ ನೋಡುವಂತೆ ಇಡುತ್ತಿದ್ದರು. ಆ ಕೀಲನ್ನು ದಿನವೂ ಹೊಡೆಯುವ ಕೈಗಳು ಅಲ್ಲಿ ಇನ್ನೂ ಇವೆ. 1989ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ನಕಾಶಿಮಾ ಅವರ ನೂರಕ್ಕೂ ಹೆಚ್ಚು ಪೀಠೋಪಕರಣಗಳು ಸುಟ್ಟುಹೋದಾಗ, ಅವನ್ನು ಮತ್ತೆ ಮಾಡಿಕೊಡುವ ಕೆಲಸವನ್ನು ಕೈಗೆತ್ತಿಕೊಂಡದ್ದು ಇದೇ ಕಾರ್ಯಾಗಾರ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಉಳಿಗಳಿಂದ ಅದು ಆಗುತ್ತಿರಲಿಲ್ಲ.

ಉತ್ತರ — ನಿಂಬೆತೋಟ

ಕ್ಯಾಲಿಫೋರ್ನಿಯಾದ ಆಲ್ಟಾ ಲೋಮದಲ್ಲಿರುವ, ಮರಗೆಲಸದ ಇನ್ನೊಬ್ಬ ಕಲಾವಿದ ಸ್ಯಾಮ್ ಮಲೂಫ್ ಅವರ ಮನೆಯನ್ನೂ ಈ ಚರ್ಚೆಯಲ್ಲಿ ಸೇರಿಸಿಕೊಳ್ಳಬೇಕು. ನಿಂಬೆ ತೋಟದ ನಡುವೆ ದಶಕಗಳ ಕಾಲ ಒಂದೊಂದೇ ಕೋಣೆ ಸೇರಿಸುತ್ತ ಕಟ್ಟಿದ್ದ ಆ ಮನೆಯ ಜಾಗದ ಮೇಲೆ 210ನೇ ಹೆದ್ದಾರಿ ಹಾದುಹೋಗಬೇಕಾಯಿತು. ಮನೆಯನ್ನು ಭಾಗಗಳಾಗಿ ಬಿಡಿಸಿ, ಸುಮಾರು ಮೂರು ಮೈಲಿ ದೂರದ ಬೆಟ್ಟದ ತಪ್ಪಲಿಗೆ ಸಾಗಿಸಿ ಮತ್ತೆ ನಿಲ್ಲಿಸಲಾಯಿತು. ಸಹ್ಯಾದ್ರಿಯವರು ಹುಟ್ಟಿದ ಜಾಗದ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಕೆಡವುವುದು ಇಲ್ಲವೇ ಸಾಗಿಸುವುದು ಎಂಬ ಎರಡೇ ದಾರಿ ಇದ್ದಾಗ ಸಾಗಿಸಿದ್ದು ಸರಿಯೆಂದೇ ನನ್ನ ನಿಲುವು. ಮಲೂಫ್ ಅವರು 2009ರಲ್ಲಿ ತೀರಿಕೊಳ್ಳುವವರೆಗೂ ಆ ಹೊಸ ಜಾಗದಲ್ಲಿ ಬಾಳಿದರು, ಹಳೆಯ ಮನೆ ಸಾರ್ವಜನಿಕರಿಗೆ ತೆರೆದುಕೊಂಡಿತು.

ಪ್ರಶ್ನೆ ಕೇಳಿದವರಿಂದ — ಹೊನ್ನೆಮರ

ಎಲ್ಲರಿಗೂ ಕೃತಜ್ಞತೆಗಳು. ಉಳಿಕೊಡತಿಯವರೇ, ನಮ್ಮ ಕಡೆಯವರು ಅಮೆರಿಕಕ್ಕೆ ಬಾರದೆಯೂ ನಕಾಶಿಮಾ ಅವರ ಕೆಲಸವನ್ನು ನೋಡಬಹುದಾದ ಸ್ಥಳ ಭಾರತದಲ್ಲಿ ಇದೆಯೇ?

ಉತ್ತರ — ಉಳಿಕೊಡತಿ

ಇದೆ. ಪುದುಚೇರಿಯ ಶ್ರೀ ಅರವಿಂದಾಶ್ರಮಕ್ಕೆ ಸೇರಿದ ಗೋಲ್ಕೊಂಡ ಎಂಬ ವಸತಿಗೃಹವನ್ನು ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ವಿನ್ಯಾಸಗೊಳಿಸಿದಾಗ, 1930ರ ದಶಕದ ಕೊನೆಯಲ್ಲಿ ಅಲ್ಲೇ ನೆಲೆಸಿ ಕಟ್ಟಡದ ಕೆಲಸ ನೋಡಿಕೊಂಡವರಲ್ಲಿ ನಕಾಶಿಮಾ ಒಬ್ಬರು. ಅವರಿಗೆ ಆಶ್ರಮದಲ್ಲಿ ಸುಂದರಾನಂದ ಎಂಬ ಹೆಸರನ್ನೂ ಕೊಡಲಾಗಿತ್ತು. ಮುಂದೆ 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣಗಳನ್ನು ರೂಪಿಸಿದರು. ಗೋಲ್ಕೊಂಡದಲ್ಲಿ ಈಗಲೂ ಜನರು ವಾಸವಾಗಿರುವುದರಿಂದ ನೇರವಾಗಿ ಹೋಗಿ ಬಾಗಿಲು ತಟ್ಟುವುದು ಸರಿಯಲ್ಲ. ಮೊದಲೇ ಆಶ್ರಮದ ಅನುಮತಿ ಕೇಳಿಕೊಂಡು ಹೋಗಿ. ಒಳಗೆ ಹೋಗಲು ಅವಕಾಶ ಸಿಕ್ಕರೆ ಜಾರುಬಾಗಿಲುಗಳ ತೇಗದ ಪಟ್ಟಿಗಳ ನಡುವೆ ಬಿಟ್ಟಿರುವ ಸಂದುಗಳನ್ನು ಹತ್ತಿರದಿಂದ ನೋಡಿ: ಬಾಗಿಲು ಮುಚ್ಚಿದ್ದರೂ ಗಾಳಿ ಆಡುತ್ತದೆ, ಒಳಗಿದ್ದವರು ಹೊರಗಿನವರಿಗೆ ಕಾಣುವುದಿಲ್ಲ.